ಆಫ್ರಿಕಾದ ವೈನು, ಖಾನಾಪುರದ ತಂಗಿ

ಮಕ್ಕಳೇ, ನಿಮ್ಮಜ್ಜಿಗೆ ಬಾಯಿ ಇದೆ ಎಂಬುದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ನಿಮ್ಮಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಒಮ್ಮೆ ಡಾಕ್ಟರು ‘ಎಲ್ಲಿ ನೋವು?’ ಎಂದು ನನ್ನನ್ನು ಕೇಳಿದರೆ, ಇವರು ‘ಎಡಗಾಲ್ರಿ’ ಎಂದರು. ನೋಯುತ್ತಿದ್ದುದು ಬಲಗಾಲು. ಮುಲಾಮು ಮುಗಿಯುವವರೆಗೂ ಎಡಗಾಲಿಗೇ ಹಚ್ಚಿಕೊಂಡೆ. ಆ ಕಾಲು ಈಗಲೂ ಬಹಳ ಗಟ್ಟಿ.

ಅವರು ಹೋದ ಮೇಲೆ ಆ ಕೆಲಸ ಮಗಳ ಪಾಲಿಗೆ ಬಂತು. ನೆಹರು ನಗರದ ಅವಳ ಮನೆಯಲ್ಲಿ ಏನಾದರೂ ಸಂತೋಷದ ಸುದ್ದಿ ಇದ್ದರೆ ವೈನು ತರುತ್ತಾರೆ. ಗ್ಲಾಸು ನನ್ನ ಹತ್ತಿರ ಬರುವ ಮೊದಲೇ ‘ಅವ್ವಗ ಬ್ಯಾಡ’ ಎಂಬ ಉತ್ತರ ಹೋಗಿರುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ, ಬೇಡ ಎನ್ನುವುದೇ ಸರಿ ಇರಬಹುದು. ಆದರೆ ಒಂದು ಮಾತು ಕೇಳುವುದಕ್ಕೇನು?

ನಿಮ್ಮೆಲ್ಲರಲ್ಲಿ ಹಿರಿಯಳಾದ ಸಹನಾ ನೌಕರಿಗೆ ಸೇರಿದಳಲ್ಲ, ಆ ದಿನ ನನ್ನನ್ನು ಸೂಪರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದಳು. ಬಾಟಲಿಗಳ ಕಪಾಟಿನ ಮುಂದೆ ನಿಂತು, ‘ಇದು ಸಸ್ತಾ ಐತಿ ಅಜ್ಜಿ, ದಕ್ಷಿಣ ಆಫ್ರಿಕಾದ್ದು’ ಎಂದು ಕೆಂಪನೆಯದೊಂದನ್ನು ಬುಟ್ಟಿಗೆ ಹಾಕಿದಳು. ನನಗೆ ಸಾಲೆಯ ಗೋಡೆಯ ನಕಾಶೆ ನೆನಪಾಯಿತು. ಆಫ್ರಿಕಾದ ಚೂಪು ತುದಿ ನನ್ನ ಕಣ್ಣಿನ ಮಟ್ಟಕ್ಕೇ ಇರುತ್ತಿತ್ತು. ಮಾಸ್ತರು ಅದರ ಹೆಸರು ಕೇಳಿದಾಗ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು; ಬಾಜೂಕಿನವಳು ಹೇಳಿ ಶಾಭಾಸ್ ಪಡೆದಳು. ಆಟೋದಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿ ಮನಸ್ಸು ಮಾಡಿದೆ: ಇವತ್ತಿನ ಉತ್ತರ ನನ್ನದೇ.

ಸಂಜೆ ಖಾನಾಪುರದಿಂದ ನನ್ನ ತಂಗಿ ಗಂಗವ್ವನೂ ಬಂದಿದ್ದಳು. ಬಾಟಲಿ ತೆರೆಯಿತು. ಮಗಳು ‘ಅವ್ವಗ...’ ಎಂದು ಶುರುಮಾಡಿದಳು.

‘ನನ್ನ ಕೇಳ್ರಿ’ ಎಂದೆ. ಯಾರು ಮಾತಾಡಿದ್ದು ಎಂದು ನಾನೂ ತಿರುಗಿ ನೋಡಿದೆ.

ಅಳಿಯಂದಿರು ಬಾಟಲಿ ಹಿಡಿದುಕೊಂಡೇ ನಿಂತುಬಿಟ್ಟರು. ‘ಅತ್ತಿ, ನಿಮಗ ಬೇಕೇನ್ರಿ?’

‘ಬೇಕು. ಚೂರು ಹಾಕ್ರಿ.’

ಮೊದಲ ಗುಟುಕಿಗೆ ಕಾಯಿ ನೇರಳೆಯ ಒಗರು. ನಾಲಿಗೆಗೆ ಕಂಬಳಿ ಹೊದಿಸಿದ ಹಾಗಾಯಿತು. ಹಿಂದೆಯೇ ಕವಳಿ ಹಣ್ಣಿನ ಹುಳಿ. ಆಮೇಲೆ ಗಂಟಲೆಲ್ಲ ಬೆಚ್ಚಗೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೋಳಿಗೆ ಹೇಗಾಗಿದೆ ಎಂದು ಉಣ್ಣುವವರ ಮುಖ ನೋಡುತ್ತಲೇ ಆಯುಷ್ಯ ಕಳೆದವಳು ನಾನು. ನನ್ನ ರುಚಿಗಾಗಿ ಇಷ್ಟು ಜನ ಕಾಯುವುದೆಂದರೆ! ಬೇಕಂತಲೇ ತಡಮಾಡಿ ಇನ್ನೊಂದು ಗುಟುಕು ಕುಡಿದೆ.

‘ಒಗರ ಅದ. ಆದ್ರ ಛಲೋ ಅದ’ ಎಂದು ತೀರ್ಪು ಕೊಟ್ಟೆ. ಸಹನಾ ಚಪ್ಪಾಳೆ ಹೊಡೆದಳು.

ಗಂಗವ್ವ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಳು. ಮೂರು ಹೊತ್ತು ಪೂಜೆ ಮಾಡುವವಳು, ಇನ್ನು ನನ್ನ ಮರ್ಯಾದೆ ತೆಗೆಯುತ್ತಾಳೆ ಎಂದುಕೊಂಡೆ.

‘ಅಲ್ಲಬೇ ಅಕ್ಕಾ,’ ಎಂದಳು, ‘ನಿನ್ನೊಬ್ಬಾಕಿನ್ನ ಕೇಳಿದ್ರ ಆತೇನ? ನಾ ಏನ್ ಗ್ವಾಡಿ ಮ್ಯಾಗಿನ ಫೋಟೋ ಏನ?’

ಅಳಿಯಂದಿರು ಗಾಬರಿಯಾಗಿ ಅವಳತ್ತ ತಿರುಗಿದರು. ‘ಸಣ್ಣತ್ತಿ, ನಿಮಗೂ ಬೇಕೇನ್ರಿ?’

ಗಂಗವ್ವ ಸೆರಗು ಸರಿಮಾಡಿಕೊಂಡಳು. ಗಲ್ಲಕ್ಕೆ ಬೆರಳಿಟ್ಟು ಬಹಳ ಹೊತ್ತು ವಿಚಾರ ಮಾಡಿದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತ ಕಾದೆವು.

‘ಬ್ಯಾಡ್ರಿ’ ಎಂದಳು, ತಲೆ ಎತ್ತಿ.

ಮರುದಿನ ಖಾನಾಪುರದ ಬಸ್ಸು ಹತ್ತುವಾಗ ನೀವು ಅವಳ ನಡಿಗೆ ನೋಡಬೇಕಿತ್ತು. ಕುಡಿದವಳು ನಾನು, ಏರಿದ್ದು ಅವಳಿಗೆ.