ಕಾಕೂ ಕಟ್ಟಿದ ಉಪ್ಪಿನ ಗಂಟು

ಕಳೆದ ತಿಂಗಳು ಪುಣೆಯ ದೇಹೂ ರೋಡಿನ ಹತ್ತಿರ ನನ್ನ ಸ್ಕೂಟರ್ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗಿ, ಮೊದಲು ಸಿಕ್ಕ ಗ್ಯಾರೇಜಿನ ಮುಂದೆ ನಿಂತೆ. ಅಲ್ಲೊಂದು ಹಳೆಯ ಪಿಕಪ್ ಗಾಡಿಯ ಹಿಂಭಾಗವನ್ನು ಜಾಕ್ ಕೊಟ್ಟು ಎತ್ತಿ ನಿಲ್ಲಿಸಿದ್ದರು. ಮಿಸ್ತ್ರಿ ಕೆಳಗೆ ಮಲಗಿ ಗಾಡಿಯ ತಳದ ಚೌಕಟ್ಟಿಗೆ, ಅದೇ ಚಾಸಿಗೆ, ಸುತ್ತಿಗೆಯಿಂದ ಬಡಿಯುತ್ತಿದ್ದ. ಏಟು ಬಿದ್ದಾಗೆಲ್ಲ ಕೆಂಪು ತುಕ್ಕು ಹಪ್ಪಳದ ಚೂರಿನ ಹಾಗೆ ನೆಲಕ್ಕೆ ಉದುರುತ್ತಿತ್ತು. ಬೆಳಿಗ್ಗೆ ಮಳೆ ಬಂದು ಹೋಗಿತ್ತು. ಒದ್ದೆ ಕಬ್ಬಿಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಕಾಕೂ ನೆನಪಾದಳು. ನೆನಪಾಗದಿದ್ದರೆ ಚೆನ್ನಾಗಿತ್ತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆಡದೆ ಇದ್ದು ಇದ್ದು ನನ್ನ ಹೊಟ್ಟೆಯೊಳಗೆ ಅದು ಹುಳಿಯುತ್ತಾ ಕೂತಿದೆ, ಅದಕ್ಕೇನು ಮಾಡಲಿ?

ನಿಗಡಿಯ ಹಿಂದಿನ ಓಣಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಎರಡು ಮನೆಗಳು. ನಮ್ಮಪ್ಪ ಪಿಂಪ್ರಿಯಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತ. ವಿಜಯಪುರದ ಕಡೆಯವರು ನಾವು. ಅವರು ಬಾಗಲಕೋಟೆಯ ಕಡೆಯವರು. ಓಣಿಯಲ್ಲಿ ಇನ್ನೂ ಕೆಲವು ಕನ್ನಡದ ಮನೆಗಳಿದ್ದವು. ಹೊರಗೆ ಎಲ್ಲರದೂ ಮರಾಠಿ, ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ಮಾತು. ಅವ್ವನಿಗೆ ಜ್ವರ ಬಂದರೆ ನನಗೆ ಎಣ್ಣೆ ಹಚ್ಚಿ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ಕಾಕೂ. ಅವಳ ಕೈಯ ಶೇಂಗಾ ಹೋಳಿಗೆಯ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ. ಇದನ್ನೂ ಹೇಳಲೇಬೇಕು. ಅವಳು ಮೊದಲಿನಿಂದಲೂ ಕೆಟ್ಟವಳಾಗಿದ್ದರೆ ನನಗೆ ಇಷ್ಟು ಸಂಕಟವೇ ಆಗುತ್ತಿರಲಿಲ್ಲ.

ಅವಳ ಗಂಡ ಕಾಕಾ ಒಂದು ಹಳೆಯ ಪಿಕಪ್ ಕೊಂಡು ತಂದ. ಭೋಸರಿಯ ಸಣ್ಣ ಕಾರ್ಖಾನೆಗಳಲ್ಲಿ ತಯಾರಾದ ಕಬ್ಬಿಣದ ಬಿಡಿಭಾಗಗಳನ್ನು ತುಂಬಿಕೊಂಡು ಹೋಗಿ ಚಾಕಣದ ದೊಡ್ಡ ಕಾರ್ಖಾನೆಗಳಿಗೆ ಇಳಿಸುವುದು ಅವನ ಕೆಲಸ. ಇಬ್ಬರಿಗೂ ಮಕ್ಕಳಿರಲಿಲ್ಲ. ಆ ಗಾಡಿಯೇ ಮಗು ಆಗಿಬಿಟ್ಟಿತು. ಕಾಕೂ ಅದಕ್ಕೆ ಆರತಿ ಎತ್ತುವಳು, ಹಬ್ಬಕ್ಕೆ ಸೀರೆಯ ಸೆರಗಿನಿಂದ ಗಾಜು ಒರೆಸುವಳು. ಪ್ರತಿ ಅಮಾವಾಸ್ಯೆಗೆ ಕರಿ ಬಟ್ಟೆಯಲ್ಲಿ ಹಿಡಿ ತುಂಬ ಹರಳುಪ್ಪು ಹಾಕಿ, ಗಂಟು ಕಟ್ಟಿ, ಗಾಡಿಗೆ ನಿವಾಳಿಸಿ, ಅದರ ಹೊಟ್ಟೆಯ ಕೆಳಗೆ ಕಟ್ಟುವಳು.

ಉಳಿದವರು ನಿಂಬೆಹಣ್ಣು ಮೆಣಸಿನಕಾಯಿಯನ್ನು ಮುಂದೆ ಎಲ್ಲರಿಗೂ ಕಾಣುವ ಹಾಗೆ ಕಟ್ಟುತ್ತಾರೆ. ಕಾಕೂದು ಹಾಗಲ್ಲ. ಮಂದಿಯ ಕಣ್ಣು ಹಿಂದಿನಿಂದ ಬೀಳುತ್ತದೆ, ಅದೂ ಎಡಗಡೆಯಿಂದ ಎನ್ನುವುದು ಅವಳ ನಂಬಿಕೆ. ಹಾಗಾಗಿ ಎಡಗಡೆಯ ಹಿಂದಿನ ಚಕ್ರದ ಹತ್ತಿರ, ಭಾರ ಹೊರುವ ಕಬ್ಬಿಣದ ಪಟ್ಟಿಗಳನ್ನು ಚಾಸಿಗೆ ಜೋಡಿಸುವ ಬ್ರಾಕೆಟ್ ಇರುತ್ತದಲ್ಲ, ಅದರ ಸಂದಿಯಲ್ಲಿ ಒಳಗೆ ತುರುಕಿ ಕಟ್ಟುತ್ತಿದ್ದಳು. ಹಳೆಯ ಗಂಟನ್ನು ಬಿಚ್ಚುವಂತಿರಲಿಲ್ಲ. ಬಿಚ್ಚಿದರೆ ಅದು ಹಿಡಿದಿಟ್ಟ ದೃಷ್ಟಿಯೆಲ್ಲ ಬಿಟ್ಟುಹೋಗುತ್ತದಂತೆ. ಅದರ ಮೇಲೆಯೇ ಹೊಸದು. ಮಳೆಗಾಲದಲ್ಲಿ ಗಂಟು ಒದ್ದೆಯಾಗಿ ಉಪ್ಪು ಕರಗಿ ನೀರಾಗಿ ತೊಟ್ಟಿಕ್ಕುತ್ತಿತ್ತು. ಅದನ್ನು ಮುಟ್ಟಿ ನೋಡಿ ಕಾಕೂ ಅವ್ವನಿಗೆ ಹೇಳುತ್ತಿದ್ದಳು.

“ನೋಡ್ರಿ ವೈನಿ, ಎಷ್ಟ ದೃಷ್ಟಿ ಆಗಿತ್ತು ಅಂತೀನಿ. ಎಲ್ಲಾ ಕುಡದು ಉಪ್ಪ ಹ್ಯಾಂಗ ಕರಗೇದ.”

ಅವ್ವ ತಲೆಯಾಡಿಸುತ್ತಿದ್ದಳು. ಅವಳಿಗೂ ಇಂಥದ್ದರಲ್ಲಿ ನಂಬಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯಲ್ಲೂ ನನಗೆ ಜ್ವರ ಬಂದರೆ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದರು.

ಆಮೇಲೆ ಆ ಒಂದು ಬೆಳಿಗ್ಗೆ... ಮಳೆಗಾಲ ಮುಗಿಯುತ್ತ ಬಂದಿತ್ತು. ಕಾಕಾ ಹಿಂದಿನ ಸಂಜೆಯೇ ಮಾಲು ತುಂಬಿ ತಂದು ಗಾಡಿಯನ್ನು ಓಣಿಯಲ್ಲಿ ನಿಲ್ಲಿಸಿದ್ದ. ಅವ್ವ ತುಳಸಿಗೆ ನೀರು ಹಾಕುತ್ತಿದ್ದಳು. ನಾನು ಶಾಲೆಯ ಬೂಟಿಗೆ ಲೇಸು ಕಟ್ಟುತ್ತ ಮೆಟ್ಟಿಲ ಮೇಲೆ ಕೂತಿದ್ದೆ. ಕಾಕಾ ಗಾಡಿ ಚಾಲೂ ಮಾಡಿದ. ಅವ್ವ ತಂಬಿಗೆ ಕೆಳಗಿಟ್ಟು ಗಾಡಿಯ ಹಿಂಭಾಗವನ್ನೇ ನೋಡಿದಳು.

“ಅಣ್ಣಾರ, ಗಾಡಿ ಯಾಕ ಒಂದ ಕಡೆ ವಾಲೇದಲ್ರಿ? ಎಡಕ್ಕ ಭಾಳ ಕುಂತೇದ. ಒಮ್ಮೆ ತೋರಿಸಿಕೊಂಡ ಹೋಗ್ರಿ.”

“ಮಾಲ ಆ ಕಡೆ ಜಾಸ್ತಿ ಬಿದ್ದೇದ್ರಿ ವೈನಿ. ಸಂಜೀಕ ನೋಡಿಸ್ತೀನಿ ಬಿಡ್ರಿ,” ಅಂದ ಕಾಕಾ.

ಬಾಗಿಲಲ್ಲಿ ನಿಂತಿದ್ದ ಕಾಕೂ ಅರ್ಧ ನಕ್ಕಳು, ಅರ್ಧ ಮುಖ ಗಂಟಿಕ್ಕಿದಳು. “ಹೊಂಟ ಗಾಡಿಗೆ ಹಂಗ ಅನಬಾರದ್ರಿ,” ಅಂದಳು. ಅವ್ವ ತಪ್ಪಾಯಿತು ಎನ್ನುವ ಹಾಗೆ ಕೆನ್ನೆ ಮುಟ್ಟಿಕೊಂಡಳು. ಗಾಡಿ ಓಣಿ ದಾಟಿ ಹೋಯಿತು.

ಮಧ್ಯಾಹ್ನ ಸುದ್ದಿ ಬಂತು. ಚಾಕಣದ ಹತ್ತಿರ ಒಂದು ತಿರುವಿನಲ್ಲಿ ಎಡಗಡೆಯ ಆ ಪಟ್ಟಿಗಳ ಕಟ್ಟು ಚಾಸಿಯಿಂದ ಕಿತ್ತು ಬಂದಿತ್ತು. ಹಿಂದಿನ ಚಕ್ರಗಳು ಅಡ್ಡ ತಿರುಗಿ ಗಾಡಿ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿದಿತ್ತು. ಹಿಂದಿದ್ದ ಕಬ್ಬಿಣದ ಪೆಟ್ಟಿಗೆಗಳೆಲ್ಲ ಮುಂದಕ್ಕೆ ನುಗ್ಗಿ ಕಾಕಾನ ಮೇಲೆಯೇ ಬಿದ್ದಿದ್ದವು. ಜಾಸ್ತಿ ಮಾಲು ತುಂಬಿದ್ದ ಎಂದರು ಕೆಲವರು, ನಿದ್ದೆಗಣ್ಣಲ್ಲಿದ್ದ ಎಂದರು ಕೆಲವರು. ಅವನನ್ನು ಮನೆಗೆ ತಂದಾಗ ಕಾಕೂ ಅಳುತ್ತಲೇ ಎದ್ದು ನಿಂತಳು. ನಮ್ಮವ್ವನ ಕಡೆ ತಿರುಗಿದಳು.

“ನಿಮ್ಮ ಕಣ್ಣ ಬಿತ್ರೀ ವೈನಿ. ಮುಂಜಾನೆ ನಿಂತು ನೋಡಿದ್ರಿ, ಬಾಯಿ ಬಿಟ್ಟು ಅಂದ್ರಿ.”

ದುಃಖದಲ್ಲಿ ಆಡಿದ ಮಾತು ಎಂದು ಅಪ್ಪ ಅವ್ವನನ್ನು ಸಮಾಧಾನ ಮಾಡಿದ. ಅವ್ವನೂ ಹಾಗೇ ಅಂದುಕೊಂಡಳು. ದಿನಕರ್ಮ ಮುಗಿಯಿತು, ಕಾಕೂ ಎದ್ದು ಓಡಾಡಿದಳು, ಆದರೆ ಆ ಮಾತು ಮಾತ್ರ ಹಿಂದಕ್ಕೆ ಹೋಗಲಿಲ್ಲ. ಒಂದು ದಿನ ಅವ್ವ ಅಂಗಳ ದಾಟಿ ಕಿರಾಣಿ ಅಂಗಡಿಗೆ ಹೋದಾಗ ಕಾಕೂ ಹಿಂದಿನಿಂದ ಬಂದು ಅವಳ ಹೆಜ್ಜೆಯ ಮಣ್ಣನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಹೋಗಿ ದೃಷ್ಟಿ ಸುಟ್ಟುಹೋಗಲಿ ಎಂದು ಒಲೆಗೆ ಹಾಕಿದ್ದನ್ನು ನಾನೇ ಕಣ್ಣಾರೆ ಕಂಡೆ. ಆ ಸಂಕ್ರಾಂತಿಗೆ ಕುಸರೆಳ್ಳು ಹಂಚಲು ಬಂದ ಹೆಂಗಸರು ನಮ್ಮ ಬಾಗಿಲನ್ನು ಬಿಟ್ಟು ಮುಂದೆ ಹೋದರು. ತೊಟ್ಟಿಲ ಕಾರ್ಯಗಳಿಗೆ ಕರೆಯುವುದು ನಿಂತಿತು. ಬಸುರಿ ಹುಡುಗಿಯರು ಅವ್ವ ಎದುರು ಬಂದರೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಇದೇ ಪುಣೆಯಲ್ಲಿ, ಸ್ವಾಮಿ, ಕಾರ್ಖಾನೆಗಳ ನಡುವೆ, ಓದಿದ ಗಂಡಸರ ಮನೆಗಳಲ್ಲಿ. ಗಂಡಸರೆಲ್ಲ ‘ಹೆಂಗಸರ ಮಾತು ಬಿಡ್ರಿ’ ಎಂದು ಕೈ ತೊಳೆದುಕೊಂಡರು.

ಮುರಿದ ಪಿಕಪ್ಪನ್ನು ತಂದು ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದ್ದರು. ಮರುವರ್ಷದ ಮೊದಲ ಮಳೆಗಳು ಬಿದ್ದ ಮೇಲೆ, ಬಿಸಿಲು ಬಂದ ಒಂದು ದಿನ ಗುಜರಿಯವನು ಅದನ್ನು ಕತ್ತರಿಸಲು ಬಂದ. ನೋಡಲಾರೆ ಎಂದು ಕಾಕೂ ಸೊಲ್ಲಾಪುರಕ್ಕೆ ತಮ್ಮನ ಮನೆಗೆ ಹೋಗಿದ್ದಳು. ಬಿಸಿಲಿನಲ್ಲಿ ಕೆಲಸ ಮಾಡುತ್ತಿದ್ದ ಗುಜರಿಯವನು ನೀರು ಕೇಳಿದ. ಅವ್ವ ತಂಬಿಗೆ ಹಿಡಿದು ಹೋದಳು, ನಾನು ಹಿಂದೆ ಹೋದೆ. ನೀರು ಕುಡಿದು ಅವನು ಗಾಡಿಯ ಎಡಗಡೆ ತೋರಿಸಿದ. ಬ್ರಾಕೆಟ್ ಇರಬೇಕಾದ ಜಾಗದಲ್ಲಿ ಕರಿ ಬಟ್ಟೆಯ ಗಂಟುಗಳು ಒಂದರ ಮೇಲೊಂದು ಉಂಡೆಯಾಗಿ ಕೂತಿದ್ದವು. ಅದರ ಹಿಂದಿನ ಕಬ್ಬಿಣಕ್ಕೆ ಅವನು ಸ್ಕ್ರೂಡ್ರೈವರ್ ಚುಚ್ಚಿದ. ಅದು ಒದ್ದೆ ರಟ್ಟಿಗೆ ಚುಚ್ಚಿದ ಹಾಗೆ ಸಲೀಸಾಗಿ ಒಳಗೆ ಹೋಯಿತು. ಆಮೇಲೆ ಬಲಗಡೆಗೆ ಹೋಗಿ ಅದೇ ಜಾಗಕ್ಕೆ ಸುತ್ತಿಗೆಯಿಂದ ಹೊಡೆದ. ಠಣ್ ಎಂದಿತು. ಅಲ್ಲಿ ಏನೂ ಆಗಿರಲಿಲ್ಲ.

“ಮಿಠಾನಂ ಖಾಲ್ಲಂ, ವಹಿನಿ,” ಅಂದ. ಉಪ್ಪೇ ತಿಂದು ಹಾಕಿದೆ.

ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಕುಣಿಯುವಷ್ಟು. ಸಂಜೆಯೊಳಗೆ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ತೋರಿಸಬೇಕು, ನಮ್ಮವ್ವನ ಕಣ್ಣಲ್ಲ, ಅವ್ವ ಹೇಳಿದ್ದನ್ನು ಕೇಳಿದ್ದರೆ ಕಾಕಾ ಉಳಿಯುತ್ತಿದ್ದ ಎಂದು ಕೂಗಿ ಹೇಳಬೇಕು ಅನ್ನಿಸಿತು. ಅವ್ವ ಖಾಲಿ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ನಂತರ ಬಗ್ಗಿ, ಎರಡೂ ಕೈಯಿಂದ ಆ ಉಂಡೆಯನ್ನು ಕಿತ್ತಳು. ಅಂಗೈ ತುಂಬ ಕೆಂಪು ನೀರು. ನೆಟ್ಟಗೆ ಮೋರಿಯ ಹತ್ತಿರ ಹೋಗಿ ಎಸೆದುಬಿಟ್ಟಳು. ಗುಜರಿಯವನಿಗೆ ಮರಾಠಿಯಲ್ಲಿ ಹೇಳಿದಳು, ಈ ಭಾಗ ಮೊದಲು ಕತ್ತರಿಸಿ ಒಯ್ಯಪ್ಪಾ, ಯಾರಿಗೂ ಏನೂ ಹೇಳಬೇಡ.

ಮನೆಗೆ ಬಂದ ಮೇಲೆ ನಾನು ಜಗಳಕ್ಕೆ ನಿಂತೆ.

“ಅಕಿಗೆ ಹೇಳಬೇಕಿಲ್ಲೇನವ್ವಾ?”

“ಏನಂತ ಹೇಳ್ಲಿ? ನಿನ್ನ ಗಂಡನ್ನ ನೀನ ಕೊಂದಿ ಅಂತೇನು?”

“ಮತ್ತ ಅಕಿ ನಿನಗ ಅದನ್ನ ಅಂತಾಳಲ್ಲ, ಊರ ತುಂಬ.”

“ಅಂದ್ರ ಅನ್ನಲಿ. ನಾ ಕೊಂದಿಲ್ಲ ಅಂತ ನನಗ ಗೊತ್ತದ. ನಾ ತಡಕೋತೀನಿ. ಅಕಿಗೆ ಇದು ಗೊತ್ತಾತಂದ್ರ ಅಕಿ ಉಳಿಯಂಗಿಲ್ಲ.” ಆಮೇಲೆ ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿಕೊಂಡಳು.

ಇದನ್ನು ಕೇಳಿದವರು ಎಂಥ ದೊಡ್ಡ ಮನಸ್ಸು ಅನ್ನಬಹುದು. ನನಗೆ ಆ ದೊಡ್ಡ ಮನಸ್ಸು ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಎಲ್ಲರ ಅವ್ವಂದಿರ ಹಾಗೆ ಆರತಿಗೆ ಕರೆಸಿಕೊಳ್ಳುವ ಅವ್ವ. ತಡಕೋತೀನಿ ಎಂದವಳು ತಡೆದುಕೊಂಡಳೇನೋ ನಿಜ, ಆದರೆ ಹೇಗೆ? ಮೆಲ್ಲಗೆ ಅವಳಿಗೇ ತನ್ನ ಕಣ್ಣಿನ ಮೇಲೆ ಅನುಮಾನ ಶುರುವಾಯಿತು. ಗಾಡಿಯನ್ನು ತಿಂದದ್ದು ಉಪ್ಪು ಎಂದು ಗೊತ್ತಿದ್ದೂ ಶುರುವಾಯಿತು. ಯಾರಾದರೂ ಎಲ್ಲಿಗಾದರೂ ಹೊರಟರೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ನಾನು ಪರೀಕ್ಷೆಗೆ ಹೊರಟಾಗಲೂ ಅಷ್ಟೇ, ಮೊದಲ ದಿನ ಕೆಲಸಕ್ಕೆ ಹೊರಟಾಗಲೂ ಅಷ್ಟೇ. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಕಾರಿನಲ್ಲಿ ಕೂತು ಬಾಗಿಲ ಕಡೆ ನೋಡಿದೆ. ಅಪ್ಪ ಇದ್ದ, ಚಿಕ್ಕಮ್ಮಂದಿರಿದ್ದರು. ಅವ್ವ ಅಡುಗೆ ಮನೆಯಲ್ಲಿದ್ದಳು... ಕಾರು ಓಣಿ ದಾಟುವವರೆಗೂ ಹೊರಗೆ ಬರಲಿಲ್ಲ. ಆಗ ಗೋಡೆಯಾಚೆಯ ಬಾಗಿಲಲ್ಲಿ ನಿಂತು ನನಗೆ ಅಕ್ಷತೆ ಹಾಕಿದವಳು ಯಾರು ಹೇಳಿ? ಕಾಕೂ.

ಅವ್ವ ತೀರಿಕೊಂಡ ದಿನ ಕಾಕೂ ಬಂದಳು. ಎಷ್ಟೋ ವರ್ಷಗಳ ಮೇಲೆ ನಮ್ಮ ಹೊಸ್ತಿಲು ದಾಟಿದ್ದಳು. ಅವ್ವನ ತಲೆಯ ಹತ್ತಿರ ಕೂತು ಹಣೆ ನೇವರಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದು ನಾಟಕವಾಗಿರಲಿಲ್ಲ. ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು.

“ವೈನಿ, ಎಲ್ಲಾರ ಮುಂದ ಹೇಳಾಕತ್ತೀನಿ. ನಾ ನಿಮಗ ಮಾಫ್ ಮಾಡೀನಿ. ಸಮಾಧಾನದಿಂದ ಹೋಗ್ರಿ.”

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಭಾಳ ದೊಡ್ಡ ಮನಸ್ರೀ ಇವರದು,” ಅಂದಳು ಒಬ್ಬಳು. ನನ್ನ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಕರಿ ಬಟ್ಟೆ, ಕೆಂಪು ನೀರು, ಠಣ್ ಎಂದ ಬಲಗಡೆ. ಒಂದೇ ಮಾತಿನಲ್ಲಿ ಅವಳನ್ನು ಅಲ್ಲೇ ಸುಟ್ಟುಹಾಕಬಹುದಿತ್ತು. ಆಣೆ ಹಾಕಿಸಿಕೊಂಡ ತಲೆ ಅಲ್ಲೇ ಮುಂದೆ ಮಲಗಿತ್ತು. ಅದರ ಹತ್ತಿರದ ದೀಪಕ್ಕೆ ಎಣ್ಣೆ ಹಾಕಿದೆ. ಆಮೇಲೆ ಕಾಕೂ ಮನೆ ಮಾರಿ ಸೊಲ್ಲಾಪುರಕ್ಕೆ ಹೋದಳು. ಹೋದ ವರ್ಷ ಅಲ್ಲೇ ತೀರಿಕೊಂಡಳಂತೆ, ನಿದ್ದೆಯಲ್ಲೇ, ನೆಮ್ಮದಿಯಾಗಿ. ಇನ್ನು ಯಾರಿಗೆ ಹೇಳಿ ಏನು?

ಗ್ಯಾರೇಜಿನಲ್ಲಿ ಪಂಕ್ಚರ್ ಹಾಕಿ ಆಗಿತ್ತು. ಹೊರಡುವ ಮುನ್ನ ಬಗ್ಗಿ ಆ ಪಿಕಪ್ಪಿನ ಕೆಳಗೆ ನೋಡಿದೆ. ಎಡಗಡೆ, ಹಿಂದಿನ ಚಕ್ರದ ಹತ್ತಿರ, ಕರಿ ಬಟ್ಟೆಯ ಒಂದು ಗಂಟು. ಮಿಸ್ತ್ರಿ ಅದರ ಪಕ್ಕದಲ್ಲೇ ಹೊಸ ಪ್ಲೇಟು ಇಟ್ಟು ವೆಲ್ಡಿಂಗ್ ಮಾಡಲು ತಯಾರಿ ನಡೆಸಿದ್ದ. ಅದನ್ನು ಬಿಚ್ಚುವುದಿಲ್ಲವೇ ಎಂದು ಕೇಳಿದೆ. ಗಾಡಿಯವರು ಬೇಡ ಅಂದಿದ್ದಾರೆ ಎಂದು ಭುಜ ಕುಣಿಸಿದ. ಗಾಡಿಯ ಒಡತಿ ಅಲ್ಲೇ ಕಟ್ಟೆಯ ಮೇಲೆ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ತಾಯೀ, ಆ ಗಂಟು ತೆಗೆಸಿ, ಉಪ್ಪು ಕಬ್ಬಿಣ ತಿನ್ನುತ್ತದೆ, ನಾಳೆ ಹಿಂದಿನ ಚಕ್ರವೇ ಕಿತ್ತು ಬರುತ್ತದೆ ಎಂದು ಮರಾಠಿಯಲ್ಲಿ ಹೇಳಿದೆ. ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಮಗುವಿನ ಮುಖದ ಮೇಲೆ ಸೆರಗು ಎಳೆದಳು.

ಸ್ಕೂಟರ್ ಚಾಲೂ ಮಾಡಿ ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನೋಡಿದೆ. ನಾನು ನಿಂತಿದ್ದ ಜಾಗದಲ್ಲಿ ಅವಳು ಬಗ್ಗಿದ್ದಳು. ಚಿಟಿಕೆಯಲ್ಲಿ ಮಣ್ಣು ತೆಗೆಯುತ್ತಿದ್ದಳು.

ಸ್ಕೂಟರ್ ತಿರುಗಿಸಿ ವಾಪಸು ಬಂದೆ. ಯಾರನ್ನೂ ಕೇಳಲಿಲ್ಲ. ಮೊಣಕಾಲೂರಿ ಗಾಡಿಯ ಕೆಳಗೆ ಕೈ ಹಾಕಿ ಆ ಗಂಟನ್ನು ಕಿತ್ತು ಪಕ್ಕದ ಮೋರಿಗೆ ಎಸೆದೆ. ಅವಳು ಎದ್ದು ನಿಂತು ನನಗೂ ನನ್ನ ವಂಶಕ್ಕೂ ಶಾಪ ಹಾಕಿದಳು. ಮಿಸ್ತ್ರಿ ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನೋಡುತ್ತಿದ್ದ. ಆ ಮಗುವಿಗೆ ನಾಳೆ ಬರೀ ನೆಗಡಿಯಾದರೂ ಅದು ನನ್ನದೇ ತಲೆಗೆ ಬರುತ್ತದೆ, ಗೊತ್ತು. ಅಂದರೆ ಅನ್ನಲಿ.

ಮನೆಗೆ ಬಂದು ಸಾಬೂನು ಹಚ್ಚಿ ಹಚ್ಚಿ ಕೈ ತೊಳೆದೆ. ಉಗುರ ಸಂದಿಯ ಕೆಂಪು ಹೋಗಲಿಲ್ಲ. ಅವ್ವನ ಕೈಯಲ್ಲೂ ಅವತ್ತು ಹೀಗೇ ಉಳಿದಿತ್ತು, ಅದೇ ಕೈಯಿಂದ ಅವಳು ನನಗೆ ಊಟ ಬಡಿಸಿದ್ದಳು. ಇವತ್ತು ನಾನೂ ಒಂದು ಗಂಟು ಕಿತ್ತು ಬಂದೆ ಎಂದು ನಾನು ಹೇಳಬೇಕಾಗಿದ್ದದ್ದು ಅವಳೊಬ್ಬಳಿಗೇ, ಅವಳು ಇಲ್ಲ.