ಮಾಬೂನ ಹೆಸರಿನಲ್ಲಿ ಕೂತ ಭಾನುವಾರಗಳು

ಮಾಬೂ, ಹುನಗುಂದದವರು ನಿನ್ನ ಮಗಳನ್ನು ಬೇಡವೆಂದದ್ದು ನನ್ನ ಮಾತಿನಿಂದ. ಯಾರೋ ಚಾಡಿ ಹೇಳಿದರು ಎಂದು ನೀನು ಇವತ್ತಿಗೂ ನಂಬಿದ್ದೀಯ. ಆ ಯಾರೋ ನಾನು.

ಇದನ್ನು ಬರೆಯುವಾಗಲೂ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಕುಡಿಯುತ್ತಿದ್ದ ವರ್ಷಗಳಲ್ಲಿ ಅದಕ್ಕೆ ನಾನೇ ಸುಳ್ಳು ಕಲಿಸಿದ್ದೇನೆ. ಆದರೂ ಆ ಭಾನುವಾರಗಳು — ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ನೀನು ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಿದ್ದುದು, ರೇಷ್ಮೆಗೆ ಬಣ್ಣ ಹಾಕಿ ಹಾಕಿ ಕೆಂಪಾದ ನಿನ್ನ ಬೆರಳುಗಳು, ಹುನಗುಂದ ದಾಟುವಷ್ಟರಲ್ಲಿ ನನ್ನ ಹೆಗಲ ಮೇಲೆ ನಿನ್ನ ಗೊರಕೆ — ಇವು ಸುಳ್ಳಿರಲಾರವು. ಕುಡಿತ ಬಿಡಲು ಒದ್ದಾಡುತ್ತಿದ್ದ ಆ ದಿನಗಳೇ ನನ್ನ ಒಳ್ಳೆಯ ದಿನಗಳು ಎಂದರೆ ನೀನು ನಗುತ್ತೀಯ.

ಕಾಲೇಜಿನಲ್ಲಿ ಪಾಠ ಹೇಳುವ ನಾನು, ಕುಡಿತ ಬಿಡಿಸುವ ಸಭೆ ಎಲ್ಲಿ ನಡೆಯುತ್ತದೆ ಎಂದು ಊರಲ್ಲಿ ಯಾರನ್ನು ಕೇಳಲಿ? ಬಾಗಲಕೋಟೆಯಲ್ಲಿ ಭಾನುವಾರ ಒಂದು ಇದೆ ಎಂದಷ್ಟೇ ಗೊತ್ತಿತ್ತು. ಅಲ್ಲಿ ಇಳಿದ ಮೇಲೂ ನಾನು ನಿನ್ನ ಹಿಂದೆಯೇ ನಿಂತೆ. ಜನ್ಮದಲ್ಲಿ ಒಂದು ಹನಿ ಮುಟ್ಟದ ನೀನೇ ಆಟೋದವನ ಹತ್ತಿರ ಹೋಗಿ, ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದೆ:

“ಅಣ್ಣಾ, ಕುಡಿಯೂದು ಬಿಡಸೂ ಮೀಟಿಂಗ್ ಎಲ್ಲಿ ನಡಿತೈತ್ರಿ?”

“ಮುಂಜಾನೆ ಎಲ್ಲಾರೂ ಬಿಡಾವ್ರ ತಗೋ ಮಾಮಾ! ಸಂಜಿಮುಂದ ಕೇಳು, ಆವಾಗ ನಿನ್ನ ನಿಯತ್ತು ಗೊತ್ತಾಕ್ಕೈತಿ.”

“ಸಂಜಿತನಕಾ ತಡಿಯಂಗಿದ್ರ ನಿನ್ನ ಯಾಕ ಕೇಳ್ತಿದ್ನಿ? ನಡಿ, ಬಿಡು ಗಾಡಿ.”

ಆಟೋದಲ್ಲಿ ನನ್ನ ಕಿವಿಗೆ ಬಾಗಿ ಹೇಳಿದೆ — “ಲೇ ಮಾಸ್ತರ, ಹೆಂಗೂ ಕೂಗೇ ಬಿಟ್ಟೇನಿ. ಕುಡುಕ ನಾ ಅನ್ನು. ನೀ ಕರಕೊಂಡ ಬಂದಾಂವ. ನಂದೇನ್ ಹೋಗೂದೈತಿ?”

ಏನೇನು ಹೋಗುವುದಿತ್ತು ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಥವಾ ನನಗೆ ಗೊತ್ತಿತ್ತೇನೋ...

ಶಾಲೆಯೊಂದರ ಹಿಂದಿನ ಕೋಣೆ. ಜೊತೆಗೆ ಬಂದವರೂ ಕೂರಬಹುದಿತ್ತು. ಇಲ್ಲಿ ಕೇಳಿದ್ದನ್ನು ಇಲ್ಲೇ ಬಿಟ್ಟು ಹೋಗಬೇಕು ಎಂದು ಮೊದಲೇ ಹೇಳಿದರು. ನಿನ್ನ ಸರದಿ ಬಂದಾಗ ನೀನು “ನಾ ಬರೇ ಕೇಳ್ತೇನ್ರಿ” ಎಂದೆ. ಅದು ಸುಳ್ಳಲ್ಲ. “ಇವನ್ನ ಕರಕೊಂಡ ಬಂದೇನ್ರಿ” ಎಂದವನು ನಾನು. ವಾರವಾರವೂ ನಿನ್ನ ಬೆನ್ನ ಹಿಂದೆ ಕೂತು, ಪರರ ಬಾಯಲ್ಲಿ ನನ್ನ ಕಥೆ ಕೇಳಿಸಿಕೊಂಡೆ. ಮರಳುವಾಗ ತಿನ್ನಲು ಗಿರ್ಮಿಟ್ಟು, ಬಿಸಿ ಮಿರ್ಚಿ, “ಇವತ್ತ ನಾ ಎಷ್ಟ ಬಿಟ್ನಿ ಲೇ?” ಎಂಬ ನಿನ್ನ ಚೇಷ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ನಿಜಕ್ಕೂ ಬಿಟ್ಟಿದ್ದೆ. ಆದರೆ ನಿಲ್ದಾಣದ ಆ ಕೂಗು ಅಲ್ಲಿದ್ದ ನಮ್ಮೂರವರಿಂದ ಯಾವಾಗಲೋ ಊರು ಮುಟ್ಟಿತ್ತು. ಗೆಳೆಯನನ್ನು ದಾರಿಗೆ ತಂದ ಮಾಸ್ತರ ಎಂದು ಜನ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದುಕೊಂಡರು.

ಹುನಗುಂದದವರು ನಿನ್ನ ಮಗಳು ಶಾಹೀನಳನ್ನು ನೋಡಿ ಹೋದ ಮೇಲೆ ಹುಡುಗನ ಚಾಚಾ ನನ್ನ ಕಾಲೇಜಿಗೆ ಬಂದರು.

“ಸರ, ಅವ್ರನ್ನ ಮೀಟಿಂಗಿಗೆ ಕರಕೊಂಡ ಹೋಗಾವ್ರ ನೀವಂತ. ಖರೆ ಹೇಳ್ರಿ, ಹುಡುಗಿ ಅಪ್ಪ ಕುಡಿತಾರೇನ್ರಿ?”

ಹತ್ತಿರದಲ್ಲೇ ಪ್ರಿನ್ಸಿಪಾಲರು ನಿಂತಿದ್ದರು. ನಿಜಕ್ಕೂ ನಿಂತಿದ್ದರೋ, ನನ್ನ ಹೇಡಿತನಕ್ಕೊಂದು ಕಾರಣ ಬೇಕೆಂದು ನೆನಪು ಅವರನ್ನು ಆಮೇಲೆ ತಂದು ನಿಲ್ಲಿಸಿತೋ — ಈಗ ಹೇಳಲಾರೆ. ಆದರೆ ನಾನು ಆಡಿದ ಮಾತು ಮಾತ್ರ ಒಂದಕ್ಷರವೂ ಅಳಿದಿಲ್ಲ.

“ಈಗ ಬಿಟ್ಟಾನ್ರಿ.”

ಚಾಚಾ ನನ್ನ ಕೈ ಹಿಡಿದು “ಖರೆ ಹೇಳಿದ್ರಿ, ಉಪಕಾರ ಆತು” ಎಂದು ಹೊರಟರು. ನಿನ್ನ ಪರವಾಗಿಯೇ ಮಾತಾಡಿದೆ ಎಂದು ನಾನು ಅಂದು ಸಂಜೆಯವರೆಗೂ ನಂಬಲು ಯತ್ನಿಸಿದೆ.

ಸಂಬಂಧ ಮುರಿಯಿತು. ಆ ಹುಡುಗ ಶಾಹೀನಳ ಮನಸ್ಸಿಗೆ ಬಂದಿದ್ದ. ನಿಶ್ಚಯಕ್ಕೆಂದು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಹೊಲಿಸದೆ ಮರಳಿ ತಂದಳಂತೆ. ನನ್ನ ಮನೆಯ ಕಟ್ಟೆಯ ಮೇಲೆ ಕೂತು ನೀನೇ ಹೇಳಿದೆ. ನಿನಗೆ ಸಮಾಧಾನ ಹೇಳಿದವನು — ನಾನೇ. ಆಮೇಲೆ ಅವಳು ಬಾದಾಮಿಗೆ ಸೊಸೆಯಾಗಿ ಹೋದಳು. “ಚಲೋ ಅದಾಳ” ಎನ್ನುತ್ತೀಯ. ಆ ಮಾತಿನ ಮರೆಯಲ್ಲಿ ನಾನು ಎಷ್ಟು ವರ್ಷ ಅಡಗಿದ್ದೆನೋ.

ಕಳೆದ ಭಾನುವಾರ ಒಬ್ಬನೇ ಹೋಗಿದ್ದ ಅದೇ ಸಭೆಯಲ್ಲಿ ಹಳಬರೊಬ್ಬರು, “ನಿಮ್ಮ ಗೆಳ್ಯಾರು ಹೆಂಗದಾರ್ರಿ?” ಎಂದರು.

“ಅಂವ ಎಂದೂ ಕುಡದಾಂವಲ್ರಿ. ಕುಡುಕ ನಾನು,” ಎಂದುಬಿಟ್ಟೆ.

ಯಾರೂ ಬೈಯಲಿಲ್ಲ. ಒಬ್ಬರು ಬೆನ್ನು ತಟ್ಟಿದರು. ಎದೆ ಹಗುರಾಯಿತು — ಆ ಹಗುರವೇ ನನ್ನನ್ನು ಹೆದರಿಸಿತು. ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ, ಮಾಬೂ. ನಿನ್ನ ಹೆಸರು ಕೆಟ್ಟದ್ದು ಹೊರಗೆ. ಆ ಕೋಣೆಯಲ್ಲಿ ನೂರು ಸಲ ಒಪ್ಪಿಕೊಂಡರೂ ಹುನಗುಂದದ ಆ ಮನೆಯಲ್ಲಿ ನೀನು ಕುಡುಕನೇ.

ಅದಕ್ಕೇ ಹೊರಗೆ ಹೇಳುತ್ತೇನೆ. ಚಾಚಾರ ಮನೆಗೆ ಹೋಗುತ್ತೇನೆ, ನನ್ನನ್ನು ಹೊಗಳಿದ ಊರವರ ಮುಂದೆಯೂ ನಿಲ್ಲುತ್ತೇನೆ. ಶಾಹೀನಳಿಗೆ ಹೇಳುವುದು ಅವಳ ಹಕ್ಕಿಗಾಗಿಯೋ ನನ್ನ ನೆಮ್ಮದಿಗಾಗಿಯೋ, ಇನ್ನೂ ತಿಳಿಯದು. ಅದನ್ನು ನೀನೇ ಹೇಳಬೇಕು, ನನ್ನೊಂದಿಗೆ ಮಾತಾಡುವ ಮನಸ್ಸು ಉಳಿದಿದ್ದರೆ.

ಮೊದಲು ಈ ಕಾಗದ ಹಿಡಿದು ನಿನ್ನ ಮನೆಗೇ ಬರುತ್ತೇನೆ. ನನ್ನನ್ನು ಕಂಡೊಡನೆ ಭಾಬಿ ಚಹಾಕ್ಕಿಡಲು ಏಳುತ್ತಾರೆ. ಅವರು ಏಳುವ ಮೊದಲೇ ಹೇಳಿಬಿಡಬೇಕು.