ರೇಡಿಯೇಟರ್ ತಣ್ಣಗಿದ್ದ ಮಧ್ಯಾಹ್ನ

ನನ್ನ ಎಡಗಡೆಯ ಕೆಳದವಡೆಯ ಕೊನೆಯ ಹಲ್ಲು ಇಲ್ಲ. ಇದೊಂದು ಖಚಿತ, ನಾಲಿಗೆ ಹಾಕಿ ನೋಡಿದರೆ ಖಾಲಿ ಜಾಗ ಸಿಗುತ್ತದೆ. ಆದರೆ ಆ ಚಳಿಗಾಲದ ನೋವನ್ನು ನೆನೆಸಿಕೊಂಡಾಗಲೆಲ್ಲ ನನ್ನ ಅಂಗೈ ತಾನಾಗಿ ಬಲಗೆನ್ನೆಗೆ ಹೋಗುತ್ತದೆ. ಕೈ ತಪ್ಪೋ ನೆನಪು ತಪ್ಪೋ ಗೊತ್ತಿಲ್ಲ. ನೋಯುತ್ತಿದ್ದದ್ದು ಒಂದು ಕಡೆ, ಕಿತ್ತದ್ದು ಇನ್ನೊಂದು ಕಡೆ ಎನ್ನುವ ಸಾಧ್ಯತೆಯೂ ಇದೆ. ಅದನ್ನು ಯೋಚಿಸಲು ನನಗೆ ಇಷ್ಟವಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಮೆರಿಕದ ಹೊಬೋಕನ್ ಊರಿನಲ್ಲಿ ಒಂದು ಹಳೆಯ ಮನೆಯ ಮೇಲ್ಮಹಡಿ: ಒಂದೇ ಕೋಣೆ, ಎರಡು ಮಂಚ, ಕಿಟಕಿಯ ಕೆಳಗೆ ರೇಡಿಯೇಟರ್. ಕೆಳಗಿನ ಬಾಯ್ಲರ್‌ನಿಂದ ಹಬೆ ಬಂದು ಆ ಕಬ್ಬಿಣದ ಕೊಳವೆಗಳು ಕಾಯುತ್ತಿದ್ದವು. ಹಬೆ ಸುಮ್ಮನೆ ಬರುತ್ತಿರಲಿಲ್ಲ. ಕುಟ್ಟುತ್ತಿತ್ತು, ಬುಸುಗುಡುತ್ತಿತ್ತು, ಕರಕರ ಎನ್ನುತ್ತಿತ್ತು. ಜೊತೆಗಿದ್ದವನು ಧಾರವಾಡದವನು, ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿದ್ದ. ನನ್ನದು ಭೌತಶಾಸ್ತ್ರ. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಾನು ಬಂದ ಊರನ್ನೇ ನನಗೆ ಇಟ್ಟು, ಮೈಸೂರಾ ಎನ್ನುತ್ತಿದ್ದ.

ಹಿಮ ಬೀಳಲು ಶುರುವಾದ ಮೇಲೆ ಬೆಳಗ್ಗೆ ಎದ್ದರೆ ನನ್ನ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಕಿವಿಯ ಮುಂದೆ ಬಿಗಿ. ಆಕಳಿಸಿದರೆ ಒಳಗೆ ಟಕ್ಕೆಂಬ ಸದ್ದು. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದೆ. ತಿನ್ನುವ ಕಷ್ಟವಷ್ಟೇ ಆಗಿದ್ದರೆ ಹೇಗೋ ಕಳೆಯುತ್ತಿತ್ತು. ಆದರೆ ವಸಂತದಲ್ಲಿ ಮೌಖಿಕ ಪರೀಕ್ಷೆ ಇತ್ತು. ಬೋರ್ಡಿನ ಮುಂದೆ ನಿಂತು, ಮೂವರು ಪ್ರೊಫೆಸರುಗಳು ಕೇಳಿದ್ದಕ್ಕೆಲ್ಲ ಬಾಯಿಬಿಟ್ಟು ಉತ್ತರ ಹೇಳಬೇಕು. ಪಾಸಾದರೆ ಪಿಎಚ್.ಡಿ. ಮುಂದುವರಿಯುತ್ತದೆ. ಇಲ್ಲದಿದ್ದರೆ ಅಸಿಸ್ಟೆಂಟ್‌ಶಿಪ್ಪಿನ ಸಂಬಳ ಹೋಗುತ್ತದೆ, ಅದರ ಬೆನ್ನಿಗೇ ವೀಸಾ. ನನ್ನ ಇಂಗ್ಲಿಷಿಗೆ ಅಲ್ಲಿನವರು ಮೊದಲೇ ‘ಇನ್ನೊಮ್ಮೆ ಹೇಳು’ ಎನ್ನುತ್ತಿದ್ದರು. ಇನ್ನು ಅರ್ಧ ಮುಚ್ಚಿದ ಬಾಯಿಂದ ಏನು ಕೇಳಿಸೀತು?

ಒಂದು ಬೆಳಗ್ಗೆ ಕಾಫಿ ಕಾಸುತ್ತ ಅವನು ಹೇಳಿದ.

“ಮೈಸೂರಾ, ನೀ ಮಲಗಿದಾಗ ಹಲ್ಲ ಕಡಿತೀಯಲೇ.”

“ನಾನಾ? ಅದು ರೇಡಿಯೇಟರ್ ಕಣಯ್ಯ.”

“ರೇಡಿಯೇಟರ್ ಎಲ್ಲೈತಿ, ನೀ ಎಲ್ಲದೀ, ಅಷ್ಟೂ ತಿಳೀದಷ್ಟು ಕಿವುಡಲ್ಲ ನಾ. ಇಲಿ ಕಪಾಟ ಕೊರದಂಗ ಕೇಳತೈತಿ. ನಿನ್ನ ಹೊಟ್ಯಾಗ ಜಂತ ಅದಾವ. ನಮ್ಮವ್ವ ಇಲ್ಲಿದ್ದಿದ್ರ ಮೂಗ ಹಿಡದು ಹರಳೆಣ್ಣಿ ಕುಡಸ್ತಿದ್ಲು.”

“ನಿನ್ನ ಕೆಮಿಸ್ಟ್ರಿಯಲ್ಲಿ ಇದನ್ನೇ ಹೇಳಿಕೊಟ್ಟರಾ?”

“ಕೆಮಿಸ್ಟ್ರಿ ಬ್ಯಾರೆ, ಜಂತ ಬ್ಯಾರೆ.”

ನಮ್ಮ ಕಡೆ ಮಕ್ಕಳು ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಎಂದೇ ಎಲ್ಲರೂ ತಿಳಿಯುತ್ತಿದ್ದರು. ನಮ್ಮ ಮನೆಯಲ್ಲಂತೂ ಅದು ಬೇರೆಯವರ ಮಕ್ಕಳಿಗೆ, ಮಣ್ಣು ತಿನ್ನುವವರಿಗೆ, ಕೈ ತೊಳೆಯದವರಿಗೆ ಆಗುವ ಕಾಯಿಲೆ. ನಾನು ಆ ಮಾತನ್ನು ನಂಬುತ್ತಿರಲಿಲ್ಲ. ಹುಳಕ್ಕೂ ಹಲ್ಲಿಗೂ ಏನು ಸಂಬಂಧ ಎಂದು ಅವನ ಜೊತೆ ವಾದಿಸಿದ್ದೇನೆ. ನಂಬದ ವಿಷಯಕ್ಕೆ ನಾಚಿಕೆಪಡುವುದೂ ಸಾಧ್ಯ ಎಂಬುದು ಮಾತ್ರ ಆಗ ಹೊಳೆಯಲಿಲ್ಲ.

ಆ ದಿನಗಳಲ್ಲಿ ಲೈಬ್ರರಿಯಲ್ಲಿ ಕೂತರೆ ಪುಸ್ತಕಕ್ಕಿಂತ ಎದುರಿನವರ ಕೆನ್ನೆಯನ್ನೇ ಹೆಚ್ಚು ನೋಡುತ್ತಿದ್ದೆ. ಓದುತ್ತ ಓದುತ್ತ ಅವರ ಕಿವಿಯ ಕೆಳಗೆ ದವಡೆಯ ಸ್ನಾಯು ಗಂಟಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ನನ್ನ ಲ್ಯಾಬಿನಲ್ಲಿದ್ದ ಅಮೆರಿಕನ್ ಹುಡುಗ, ಯುದ್ಧಕ್ಕೆ ಕರೆ ಬಂದೀತೆಂಬ ಹೆದರಿಕೆಯವನು, ಲೆಕ್ಕ ಮಾಡುವಾಗ ಎರಡು ಬೆರಳಿಂದ ದವಡೆ ಒತ್ತಿಕೊಳ್ಳುತ್ತಿದ್ದ. ನಿನಗೂ ನೋವಾ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಅಥವಾ ಅವನ ಬೆರಳು ಅಲ್ಲಿ ಇರಲೇ ಇಲ್ಲವೋ ಏನೋ. ನಮಗೆ ಒಂದು ನೋವಿದ್ದರೆ ಊರಿಗೆಲ್ಲ ಅದೇ ಇದ್ದಂತೆ ಕಾಣುತ್ತದೆ.

ಕೊನೆಗೆ ವಾಷಿಂಗ್ಟನ್ ಸ್ಟ್ರೀಟಿನ ಒಬ್ಬ ಹಲ್ಲಿನ ಡಾಕ್ಟರ ಬಳಿ ಹೋದೆ. ವಯಸ್ಸಾದವರು, ಬಿಳಿ ಕೋಟಿನ ತೋಳು ಮಡಚಿಕೊಂಡಿದ್ದರು. ಬುದ್ಧಿಹಲ್ಲು ನೋಯುತ್ತಿದೆ, ತೆಗೆದುಬಿಡಿ ಎಂದೆ. ಅವರು ಬಹಳ ಹೊತ್ತು ತಟ್ಟಿ, ಕುಟ್ಟಿ, ದೀಪ ಹಾಕಿ ನೋಡಿದರು. ಆ ಹಲ್ಲಿಗೆ ಏನೂ ಆಗಿಲ್ಲ ಎಂದರು.

“ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯಾ?”

“ಇಲ್ಲ.”

“ಜೊತೆಗಿರುವವರು ಯಾರಾದರೂ ಹೇಳಿದ್ದಾರಾ?”

“ಇಲ್ಲ.”

ಪುಟ್ಟ ಕನ್ನಡಿ ಹಿಡಿದು ನನ್ನ ಕೋರೆಹಲ್ಲಿನ ತುದಿ ತೋರಿಸಿದರು. ಚೂಪಿರಬೇಕಾದದ್ದು ಚಪ್ಪಟೆಯಾಗಿತ್ತು. ಪರೀಕ್ಷೆ ಹತ್ತಿರ ಬಂದಾಗ ಓದುವ ಹುಡುಗರು ಅನೇಕರು ಹೀಗೇ ಬರುತ್ತಾರೆ ಎಂದರು. ಆಗ ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೌದು ಎನ್ನುವುದು ನನಗೆ ಆ ಬಿಳಿ ಕೋಟಿನ ಮುಂದೆ ಹೊಟ್ಟೆಯಲ್ಲಿ ಹುಳ ಇದೆ ಎಂದು ಹೇಳಿದಂತೆಯೇ ಇತ್ತು. ಚಿಕ್ಕಂದಿನಿಂದ ಕಡಲೆ ಜಗಿದು ಸವೆದದ್ದು ಎಂದುಬಿಟ್ಟೆ. ಹಲ್ಲು ಕೀಳಲೇಬೇಕೆಂದು ಹಠ ಹಿಡಿದೆ. ಅವರು ಭುಜ ಹಾರಿಸಿ ಸೂಜಿ ತೆಗೆದರು.

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮನೆಗೆ ಬಂದಾಗ ಗೆಳೆಯ ಮಂಚದ ಮೇಲೆ ಉರುಳಾಡಿ ನಕ್ಕ.

“ಪರೀಕ್ಷಾ ಮುಂದ ಇಟ್ಕೊಂಡು ಬುದ್ಧಿಹಲ್ಲ ಕಿತ್ತಿಸ್ಕೊಂಡು ಬಂದೀಯಲ್ಲೋ! ಇದ್ದ ಬುದ್ಧೀನೂ ಹೋತು.”

ಗಾಯ ಮಾಯಿತು. ದವಡೆಯ ಬಿಗಿ ಅಲ್ಲೇ ಇತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಹಲ್ಲಲ್ಲ ಎಂದ ಮೇಲೆ ಇನ್ನೇನನ್ನು ಕೀಳಿಸುವುದು?

ಏಪ್ರಿಲ್ ಬಂತು. ಪರೀಕ್ಷೆಗೆ ಇನ್ನು ಕೆಲವೇ ದಿನ. ಒಂದು ಮಧ್ಯಾಹ್ನ ನೋಟ್ಸನ್ನು ಎದೆಯ ಮೇಲಿಟ್ಟುಕೊಂಡು ಹಾಗೇ ನಿದ್ದೆ ಹೋಗಿದ್ದೆ. ಯಾರೋ ಭುಜ ಹಿಡಿದು ಅಲುಗಿಸಿದರು. ಕಣ್ಣು ಬಿಟ್ಟರೆ ಅವನು.

“ಈಗ ಕೇಳಿದೇನು?”

“ಏನನ್ನ?”

“ನಿನ್ನ ರೇಡಿಯೇಟರ್ ಸಪ್ಪಳಾನ.”

ನನ್ನ ಕೈ ಹಿಡಿದೆಳೆದು ಆ ಕಬ್ಬಿಣದ ಮೇಲೆ ಇಟ್ಟ. ತಣ್ಣಗಿತ್ತು. ಮನೆಯೊಡತಿ ಬಾಯ್ಲರ್ ಆರಿಸಿದ್ದಳು. ಕಿಟಕಿ ತೆರೆದಿತ್ತು, ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು. ನನ್ನ ಹಲ್ಲುಗಳು ಆಗಲೂ ಒಂದನ್ನೊಂದು ಅದುಮಿಕೊಂಡೇ ಇದ್ದವು. ಬಿಡಿಸಲು ನಾಲಿಗೆಯನ್ನು ನಡುವೆ ತೂರಿಸಬೇಕಾಯಿತು. “ಹರಳೆಣ್ಣಿ ತರ್ಲೇನು?” ಎಂದ. ನಾನು ನಗಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಮೊದಲ ಪ್ರಶ್ನೆಗೇ ನನ್ನ ಉತ್ತರ ಅರ್ಧ ಬಾಯಲ್ಲೇ ಉಳಿಯಿತು. ನಡುವೆ ಕೂತಿದ್ದ ಪ್ರೊಫೆಸರ್ ಪೆನ್ಸಿಲ್ ಕೆಳಗಿಟ್ಟು, ಜೋರಾಗಿ ಹೇಳು, ನೀನು ಹಲ್ಲಿನೊಳಗೇ ಮಾತಾಡುತ್ತಿದ್ದೀಯ ಎಂದರು. ಸೀಮೆಸುಣ್ಣ ಹಿಡಿದು ನಿಂತೆ. ಉತ್ತರ ಗೊತ್ತಿತ್ತು. ಬೋರ್ಡಿನ ಕಡೆ ತಿರುಗಿ ಬರೆದುಬಿಡಲೇ ಎನ್ನಿಸಿತು; ಆದರೆ ಪರೀಕ್ಷೆ ಇದ್ದದ್ದೇ ಮಾತಿಗೆ. ಆಮೇಲೆ ಹೇಳಿದೆ:

“ಕ್ಷಮಿಸಿ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ. ದವಡೆ ತೆರೆಯುವುದು ಕಷ್ಟ. ನಿಧಾನವಾಗಿ ಹೇಳುತ್ತೇನೆ.”

ಯಾರೂ ಹೇಸಿಕೊಳ್ಳಲಿಲ್ಲ. ಕೊನೆಯಲ್ಲಿದ್ದವರು ಬಾಯಿಂದ ಪೈಪ್ ತೆಗೆದು ಅದರ ತುದಿಯನ್ನು ನನಗೆ ತೋರಿಸಿದರು. ಕಚ್ಚಿ ಕಚ್ಚಿ ಹಳ್ಳ ಬಿದ್ದಿತ್ತು. “ನಾನು ಎಚ್ಚರವಾಗಿದ್ದೇ ಕಡಿಯುತ್ತೇನೆ. ನಿಧಾನವಾಗಿಯೇ ಹೇಳು, ನಮಗೆ ಅವಸರವಿಲ್ಲ” ಎಂದರು. ಉಳಿದಿಬ್ಬರು ನಕ್ಕರು. ನಾಲಿಗೆಯಿಂದ ಹಲ್ಲುಗಳನ್ನು ಬಿಡಿಸುತ್ತ, ಒಂದೊಂದೇ ವಾಕ್ಯ ಹೇಳಿದೆ. ಸಂಜೆಗೆ ಪಾಸೆಂದು ತಿಳಿಯಿತು.

ಇಷ್ಟಂತೂ ಗಟ್ಟಿ ಎಂದುಕೊಂಡಿದ್ದೆ. ಹೋದ ವರ್ಷ ಆ ಗೆಳೆಯನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ನೆನಪಿಸಿದೆ. ರಿಟೈರ್ ಆಗಿ ಅಮೆರಿಕದಲ್ಲೇ, ಬಾಸ್ಕಿಂಗ್ ರಿಡ್ಜ್ ಎಂಬ ಊರಿನಲ್ಲಿದ್ದಾನೆ.

“ಏಪ್ರಿಲ್ಲಾಗ ರೇಡಿಯೇಟರ್ ತಣ್ಣಗ? ಆ ಮುದುಕಿ ಮೇ ಬರೂತನಾ ಬಾಯ್ಲರ್ ಆರಸ್ತಿರಲಿಲ್ಲಲೇ. ನಿನ್ನ ಕೈ ಅದರ ಮ್ಯಾಲ ಇಟ್ಟಿದ್ರ ಸುಟ್ಟು ಬೊಬ್ಬಿ ಏಳತಿತ್ತು.”

“ಹಾಗಾದ್ರೆ ನಾನು ಹಲ್ಲು ಕಡೀತಿದ್ದದ್ದು?”

“ಅದಂತೂ ಖರೇ. ನಾ ಕೇಳೀನಲ್ಲ!”

ಹಿಂದಿನಿಂದ ಅವನ ಹೆಂಡತಿಯ ದನಿ ಬಂತು: “ಯಾರು ಕಡಿಯೂದು? ನಿಮ್ಮದು ಹೇಳ್ರಿ ಅವರಿಗೆ! ರಾತ್ರಿ ಹಲ್ಲಿಗೆ ಹಾಕ್ಕೊಳ್ಳಾಕ ಡೆಂಟಿಸ್ಟ್ ಕೊಟ್ಟ ನೈಟ್ ಗಾರ್ಡ್ ಎಲ್ಲಿ ಒಗದೀರಿ ಅಂತ ಹೇಳ್ರಿ!”

ಅವನು ಕೆಮ್ಮಿದ.

“ಜಂತುಹುಳ ಇರಬೇಕು, ಹರಳೆಣ್ಣೆ ಕುಡಿ,” ಎಂದೆ.

“ಸುಮ್ನಿರಲೇ ಮೈಸೂರಾ.”

ಫೋನ್ ಇಟ್ಟ ಮೇಲೆ ಕೋಣೆಯಲ್ಲಿ ಅತ್ತಿತ್ತ ಓಡಾಡಿದೆ. ಆ ಸದ್ದನ್ನು ನಾನು ನನ್ನ ಕಿವಿಯಿಂದ ಒಮ್ಮೆಯೂ ಕೇಳಿಲ್ಲ. ಕೇಳಲು ಆಗುವುದೂ ಇಲ್ಲ, ಆಗ ನಿದ್ದೆಯಲ್ಲಿರುತ್ತೇನೆ. ಕೇಳಿದವನು ಅವನೊಬ್ಬನೇ, ಅವನ ನೆನಪಿನಲ್ಲಿ ರೇಡಿಯೇಟರ್ ಬಿಸಿಯಾಗಿತ್ತು. ತಣ್ಣಗಿತ್ತು ಎಂಬ ನೆಚ್ಚಿಗೆಯಲ್ಲೇ ನಾನು ಆ ಮೂವರ ಮುಂದೆ ಬಾಯಿಬಿಟ್ಟದ್ದು. ಅದು ಬಿಸಿಯಾಗಿದ್ದರೂ ನಾನು ಪಾಸಾಗಿಯೇ ಇದ್ದೇನೆ. ಅವರು ಆ ಮಾತಿಗೆ ಸಾಕ್ಷಿ ಕೇಳಲಿಲ್ಲ.

ಇದನ್ನು ಬರೆಯುವಾಗ ಮಧ್ಯೆ ಮಧ್ಯೆ ಪೆನ್ನು ನಿಲ್ಲಿಸಿ ನೋಡಿಕೊಂಡಿದ್ದೇನೆ. ಪ್ರತಿ ಸಲವೂ ಹಲ್ಲು ಅದುಮಿಕೊಂಡೇ ಇವೆ. ನಾಲಿಗೆ ತೂರಿಸಿ ಬಿಡಿಸುತ್ತೇನೆ, ಇನ್ನೊಂದು ಸಾಲು ಬರೆಯುತ್ತೇನೆ. ಈಗ ನೋಯುತ್ತಿರುವುದು ಬಲಗಡೆ.